ಮೈಕು ಇದ್ದ ಕಡೆ ಜನ

ಕೊತ್ತಗೆರೆ ಹೋಬಳಿಯ ನಮ್ಮೂರಲ್ಲಿ ನನ್ನದು ಮೈಕ್‌ಸೆಟ್ಟು, ಶಾಮಿಯಾನದ ಅಂಗಡಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಬ್ಯಾಟರಿ ಅಂಗಡಿಗೆ ಸೇರಿ, ಲಾರಿ ಬ್ಯಾಟರಿಗಳನ್ನು ಹೊತ್ತು, ಚಾರ್ಜಿಗೆ ಹಾಕಿ, ಆಸಿಡ್ ಬಿದ್ದು ತೂತಾದ ಅಂಗಿಯಲ್ಲೇ ದೊಡ್ಡವನಾದೆ. ತೊಂಬತ್ತರ ದಶಕ ಮುಗಿಯುವ ಮೊದಲೇ ಊರಿಗೆ ಬಂದು ಸ್ವಂತ ಬೋರ್ಡು ಹಾಕಿದೆ. ಯಾರ ಹಂಗೂ ಇಲ್ಲದೆ ಹಾಕಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಗಡಿಯ ಹಿಂಭಾಗದ ಒಂದು ಮೂಲೆಯ ಸಾಮಾನನ್ನು ನಾನು ಎಂಥ ಮದುವೆಗೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಸದಾ ಚಾರ್ಜ್ ಆಗಿರುವ ಬ್ಯಾಟರಿಗಳು, ಒಂದು ಆಂಪ್ಲಿಫೈಯರ್, ಜೋಡಿ ಹಾರ್ನು, ಹಗ್ಗ, ದಪ್ಪ ಟಾರ್ಪಾಲು, ಪೆಟ್ರೋಮ್ಯಾಕ್ಸ್ ದೀಪ, ಸೀಮೆಎಣ್ಣೆ, ಬಿಗಿ ಮುಚ್ಚಳದ ಡಬ್ಬದಲ್ಲಿ ಕಡ್ಲೆಪುರಿ, ಬೆಲ್ಲ. ಶಿರಾ ಗೇಟ್‌ನಲ್ಲಿದ್ದಾಗ ಒಮ್ಮೆ ಬಿರುಗಾಳಿಗೆ ಕಂಬಗಳು ಬಿದ್ದು ಕರೆಂಟು ಹೋಯಿತು. ಜನ ಬ್ಯಾಟರಿ ಕೇಳಿಕೊಂಡು ಓಡಿಬಂದರು. ಅಂಗಡಿ ತುಂಬ ಬ್ಯಾಟರಿ, ಒಂದರಲ್ಲೂ ಚಾರ್ಜಿಲ್ಲ. ಕರೆಂಟು ಹೋದ ಮೇಲೆ ಚಾರ್ಜ್ ಮಾಡುವುದಾದರೂ ಎಲ್ಲಿಂದ? ಆವತ್ತು ಬರಿಗೈಲಿ ವಾಪಸ್ ಹೋದವರ ಮುಖ ನನಗೆ ಮರೆಯಲಿಲ್ಲ.

ನನ್ನ ಹೆಂಡತಿ ಗುಬ್ಬಿ ಕಡೆಯವಳು, ಮಾತಿನಲ್ಲಿ ಹಿಂದೆ ಬೀಳುವವಳಲ್ಲ. "ಯಾವ ಮಹಾರಾಜನ ಮದ್ವೆಗೆ ಇಟ್ಟಿದ್ದೀರಾ ಇದ್ನ? ಕಡ್ಲೆಪುರಿ ಇಲಿಗೆ ಎಡೆ ಇಕ್ಕಿದಂಗಾಯ್ತು" ಎನ್ನುವಳು. ಅನ್ನುತ್ತಲೇ ಹಳೇ ಪುರಿ ತೆಗೆದು ಹೊಸದು ತುಂಬಿಡುವಳು.

ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಆ ಸಲದ ಮಳೆ ನಿಲ್ಲುವ ಲಕ್ಷಣವೇ ತೋರಲಿಲ್ಲ. ಬಹಳ ವರ್ಷಗಳಿಂದ ಜಾಲಿ ಬೆಳೆದು ನಿಂತಿದ್ದ ನಮ್ಮೂರ ಕೆರೆ ಅಂಚಿನವರೆಗೂ ತುಂಬಿತು. ಇನ್ನೊಂದು ಮಳೆಯಾದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಹೋಗುತ್ತದೆ, ಆಗ ಬಾಗಿನ ಬಿಡಬೇಕು ಎಂದು ಹೆಂಗಸರು ಮೊರ, ಅರಿಶಿನ ಕುಂಕುಮ ಹೊಂದಿಸಿಟ್ಟಿದ್ದರು. ಊರಿಗೆ ಊರೇ ಖುಷಿಯಲ್ಲಿತ್ತು.

ಒಂದು ಮಧ್ಯಾಹ್ನ, ಕೆರೆ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿ ನನ್ನ ಅಂಗಡಿಗೆ ಬಂದ. ಅವನ ಮೊಣಕಾಲವರೆಗೂ ಕೆಸರು.

"ತೂಬಿನ ಪಕ್ಕ ಏರಿ ಜಿನುಗ್ತಾ ಐತೆ ಕಣಣ್ಣ."

"ಮಳೆಗಾಲದಲ್ಲಿ ಜಿನುಗದೇ ಇರ್ತದೇನ್ಲಾ?"

"ತಿಳಿ ನೀರಾಗಿದ್ರೆ ನಾನ್ಯಾಕೆ ಬರ್ಲಿ? ಕೆಂಪು ನೀರು. ಮಣ್ಣು ಕರಗ್ತಾ ಐತೆ."

ಟೆಲಿಫೋನ್ ಲೈನು ಹಿಂದಿನ ದಿನವೇ ಸತ್ತಿತ್ತು. ಮೊಬೈಲು ಕುಣಿಗಲ್ಲಿಗೆ ಬಂದಿದ್ದರೂ ನಮ್ಮೂರಿಗೆ ಬಂದಿರಲಿಲ್ಲ. ಒಬ್ಬನನ್ನು ಬೈಕಿನಲ್ಲಿ ತಾಲ್ಲೂಕು ಕಚೇರಿಗೆ ಓಡಿಸಿದೆವು. ಗಟ್ಟಿಮುಟ್ಟಾದ ಗಂಡಸರು ಮಣ್ಣಿನ ಮೂಟೆ ಹೊತ್ತು ನೀರುಗಂಟಿಯ ಜೊತೆ ಏರಿಗೆ ಹೋದರು. ಏರಿಯ ಬುಡದಲ್ಲೇ ಕೆಳಗಲ ಬೀದಿ. ಎಲ್ಲಾ ಮಣ್ಣಿನ ಗೋಡೆಯ ಮನೆಗಳು. ಏರಿ ಒಡೆಯುವುದರೊಳಗೆ ಆ ಬೀದಿ ಖಾಲಿಯಾಗಬೇಕಿತ್ತು. ನನ್ನ ಅಕ್ಕನನ್ನು ಕೊಟ್ಟಿದ್ದೂ ಅದೇ ಬೀದಿಗೆ. ಅವಳ ಮಗಳು ಹೆರಿಗೆಗೆಂದು ತವರಿಗೆ ಬಂದು ಬಾಣಂತಿಯಾಗಿದ್ದಳು.

ಶಾಮಿಯಾನ ಸಾಗಿಸುವ ನನ್ನ ಟೆಂಪೊಗೆ ಹಾರ್ನು ಕಟ್ಟಿದೆ. ಹೆಂಡತಿ ಪುರಿ ಡಬ್ಬ, ದೀಪ, ಟಾರ್ಪಾಲು ಎಲ್ಲಾ ಎತ್ತಿ ಹಾಕಿ, ಕೇಳದೆಯೇ ತಾನೂ ಹತ್ತಿ ಕೂತಳು. ಕೆಳಗಲ ಬೀದಿಗೆ ನುಗ್ಗಿ, "ಏರಿ ಒಡೆಯೋ ಹಂಗಿದೆ, ದನಕರು ಬಿಚ್ಕೊಂಡು ಎಲ್ರೂ ಸ್ಕೂಲ್ ದಿಬ್ಬಕ್ಕೆ ಹೋಗಿ" ಎಂದು ಕೂಗುತ್ತಾ ಹೋದೆ.

ಜನ ಹೊರಗೆ ಬಂದರು. ಬಂದವರು ದಿಬ್ಬದ ಕಡೆ ಹೋಗಲಿಲ್ಲ, ಟೆಂಪೊ ಹಿಂದೆ ಏರಿಯ ಕಡೆ ಬರತೊಡಗಿದರು! ಕೆರೆ ತುಂಬಿದೆ, ಮೈಕು ಬಂದಿದೆ ಅಂದ ಮೇಲೆ ಬಾಗಿನಕ್ಕೇ ಸರಿ ಎಂದು ಕೆಲವರು ಮೊರ ಹಿಡಿದೇ ಹೊರಟಿದ್ದರು. ವಿಷಯ ತಿಳಿದವರೋ, "ಎಲ್ಲಿ ಜಿನುಗ್ತೈತೆ, ನೋಡಾನ ಬಾ" ಎನ್ನುತ್ತಾ ಬಂದರು.

ಒಬ್ಬಳು ಅಜ್ಜಿಯಂತೂ ಟೆಂಪೊ ಬಾಗಿಲೇ ಹಿಡಿದಳು. "ಕೆರೆ ಹಿಂಗೆ ತುಂಬಿದ್ದು ನೋಡಿ ಯಾವ ಕಾಲ ಆಯ್ತಪ್ಪ. ನೋಡೇ ಸಾಯ್ತೀನಿ ಬುಡು."

"ನೋಡಕ್ಕೋದ್ರೆ ಸಾಯೋದೇ ಅಜ್ಜಿ. ಹತ್ತು, ಗಾಡಿ ಹತ್ತು."

ನನಗೆ ಆಗ ಹೊಳೆಯಿತು. ಮದುವೆ ಮನೆಯಲ್ಲಿ ಊಟ ಆ ಕಡೆ ಅಂತ ಎಷ್ಟು ಕೂಗಿದರೂ ಜನ ಹಾರ್ನು ಇರುವ ಕಂಬದ ಕೆಳಗೇ ನಿಂತಿರುತ್ತಾರೆ. ಮೈಕು ಎಲ್ಲೋ ಜನ ಅಲ್ಲೇ. ಮೈಕು ಆಫ್ ಮಾಡಿ, ಅಜ್ಜಿಯನ್ನು ಕೂರಿಸಿಕೊಂಡು, ಟೆಂಪೊ ತಿರುಗಿಸಿ ದಿಬ್ಬ ಹತ್ತಿಸಿದೆ. ಸ್ಕೂಲಿನ ಬಾವುಟದ ಕಂಬಕ್ಕೆ ಹಾರ್ನು ಕಟ್ಟಿ, ಮೊದಲು ಒಂದು ದೇವರ ಹಾಡು ಹಾಕಿದೆ. ಕೆಳಗೆ ಜನ ಕತ್ತೆತ್ತಿ ನೋಡಿದರು. ಆಮೇಲೆ, ಮದುವೆಯಲ್ಲಿ ಉಡುಗೊರೆ ಕೊಟ್ಟು ಮುಯ್ಯಿ ಮಾಡಿದವರನ್ನು ಮೈಕಿನಲ್ಲಿ ಕೂಗುವ ಹಾಗೆ, ಮನೆ ಮನೆಯನ್ನೂ ಕೂಗಿದೆ.

"ಗಾಣದ ಮನೆಯವರು ಬಂದಿದ್ದಾರೆ. ಮಠದ ಮನೆಯವರು ಬಂದಿದ್ದಾರೆ. ಮೂಲೆ ಮನೆಯವರು ಇನ್ನೂ ಬಂದಿಲ್ಲ. ಮೂಲೆ ಮನೆಯವರು!"

ಮುಯ್ಯಿ ಹೊತ್ತಿನಲ್ಲಿ ತಮ್ಮ ಮನೆಯನ್ನು ಕೂಗಿ ಉತ್ತರವಿಲ್ಲದಿದ್ದರೆ ನಮ್ಮವರಿಗೆ ಆಗುವಷ್ಟು ಅವಮಾನ ಬೇರೆ ಯಾವುದರಲ್ಲೂ ಆಗುವುದಿಲ್ಲ. "ಬಂದ್ವಿ ಕಣಪ್ಪ, ಮಾನ ಕಳೀಬೇಡ" ಎನ್ನುತ್ತಾ ಮೂಲೆ ಮನೆಯವರು ಎಮ್ಮೆ ಸಮೇತ ಏದುಸಿರು ಬಿಟ್ಟುಕೊಂಡು ಬಂದರು. ಒಂದೊಂದಾಗಿ ಬೀದಿಯೇ ಮೇಲೆ ಬಂತು. ಅಕ್ಕನ ಮನೆಯನ್ನು ಮಾತ್ರ ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ.

ಮೈಕನ್ನು ಹೆಂಡತಿಯ ಕೈಗೆ ಕೊಟ್ಟೆ. "ಇಲ್ಲಿಂದ ಏರಿ ಕಾಣ್ತದೆ. ಕಂಡಿದ್ದು ಕಂಡಂಗೆ ಹೇಳ್ತಾ ಇರು" ಎಂದು ಟೆಂಪೊ ಇಳಿಸಿದೆ.

ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಾನು ಬರಲ್ಲ ಕಣ್ಲಾ. ಹಸಿ ಬಾಣಂತಿ. ಈ ಗಾಳೀಲಿ ಹೊರಕ್ಕೆ ಕರ್ಕೊಂಡೋದ್ರೆ ಸನ್ನಿ ಹಿಡಿತದೆ. ನೀರು ಬಂದ್ರೆ ಅಟ್ಟ ಹತ್ತುಸ್ತೀನಿ."

"ಮಣ್ಣಿನ ಗೋಡೆ ಕಣಕ್ಕ! ಗೋಡೆ ಕರಗಿದ್ರೆ ಅಟ್ಟ ಎಲ್ಲಿರ್ತದೆ?"

"ಮಗೀಗೆ ಏನಾದ್ರೂ ಆದ್ರೆ ಅವ್ಳ ಅತ್ತೆ ಮನೆಯೋರಿಗೆ ನೀನು ಉತ್ತರ ಹೇಳ್ತೀಯೇನ್ಲಾ?"

ವಾದ ಮಾಡುತ್ತಾ ನಿಲ್ಲುವ ಹೊತ್ತಲ್ಲ. ಟೆಂಪೊವನ್ನು ಹಿಮ್ಮುಖವಾಗಿ ಬಾಗಿಲಿಗೇ ತಂದು ಒರಗಿಸಿದೆ. ಸೂರಿನಿಂದ ಟೆಂಪೊ ಕಂಬಿಗೆ ಟಾರ್ಪಾಲು ಎಳೆದು, ಮೂರೂ ಕಡೆ ಬಿಗಿದು ಕಟ್ಟಿದೆ. ಶಾಮಿಯಾನ ಕಟ್ಟುವ ಕೈ ನನ್ನದು, ಗಂಟು ಹಾಕಲು ಹೊತ್ತು ಹಿಡಿಯಲಿಲ್ಲ. ಒಳಗೆ ಹಾಸಿಗೆ ಹಾಸಿದೆ. "ನೋಡಕ್ಕ, ಒಂದು ಹನಿ ಬೀಳಲ್ಲ, ಗಾಳಿ ನುಗ್ಗಲ್ಲ. ನಿನ್ ಬಾಣಂತಿ ಕೋಣೇನೇ ಎತ್ಕೊಂಡು ಹೋಗ್ತಾ ಇದೀನಿ."

ಅಕ್ಕ ಒಳಗೆ ಕೈಯಾಡಿಸಿ ನೋಡಿದಳು. ಅಷ್ಟರಲ್ಲಿ ದಿಬ್ಬದಿಂದ ನನ್ನ ಹೆಂಡತಿಯ ದನಿ ಬಂತು. "ರೀ, ಏರಿ ಮೇಲಿದ್ದೋರು ಮೂಟೆ ಬಿಸಾಕಿ ಓಡ್ತಾವ್ರೆ! ಕೋಡಿ ಕಡೆಗೆ ಓಡ್ತಾವ್ರೆ! ಬೇಗ ಬನ್ರೀ!"

ಆ ದನಿ ಕೇಳಿ ಅಕ್ಕ ತಾನೇ ಮಗುವನ್ನು ಎದೆಗವಚಿಕೊಂಡು ಹತ್ತಿದಳು. ಮಗಳು ಹಿಂದೆಯೇ ಹತ್ತಿದಳು. ಸೂರಿನ ಗಂಟು ಬಿಚ್ಚಿ, ಟಾರ್ಪಾಲನ್ನು ಟೆಂಪೊ ಹಿಂದಕ್ಕೆ ಇಳಿಬಿಟ್ಟು ಕಟ್ಟಿ ಹೊರಟೆ. ದಿಬ್ಬದ ಅರ್ಧ ಏರಿದ್ದೆವು, ಹಿಂದೆ ಲಾರಿಗಟ್ಟಲೆ ಕಲ್ಲು ಸುರಿದಂಥ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಮೇಲೆ ನಿಂತು ನೋಡಿದಾಗ ಕೆಳಗಲ ಬೀದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ಗೋಡೆಗಳು ಒಂದೊಂದಾಗಿ ಕೂರುತ್ತಿದ್ದವು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ಅತ್ತರು. ಮನೆ ಹೋಗಿದ್ದಕ್ಕೆ ಅಳಲೇಬೇಕು, ಅತ್ತರು.

ಏರಿಯ ಮೇಲಿದ್ದ ಗಂಡಸರು ಕೋಡಿಯ ಕಡೆಯಿಂದ ಸುತ್ತಿ ಬಂದು ಸೇರಿದ ಮೇಲೆ, ನಾನು ಮತ್ತೆ ಮೈಕು ಹಿಡಿದು ಮೊದಲ ಮನೆಯಿಂದ ಶುರು ಮಾಡಿದೆ. ಗಾಣದ ಮನೆ ಎಂದೆ. "ಎಲ್ರೂ ಇದ್ದೀವಿ" ಎಂದರು. ಮಠದ ಮನೆ, ಮೂಲೆ ಮನೆ, ಎಲ್ಲಾ ಕಡೆಯಿಂದಲೂ ಅದೇ ಉತ್ತರ. ಎಷ್ಟೋ ಮದುವೆಗಳಲ್ಲಿ ಕೂಗಿದ್ದೇನೆ, ಎದೆ ಅಷ್ಟು ಅಗಲ ಆಗಿದ್ದು ಅದೇ ಮೊದಲು. ಕೊನೆಗೆ ಇದ್ದ ದನಿಯನ್ನೆಲ್ಲ ಸೇರಿಸಿ ಅಕ್ಕನ ಮನೆಯನ್ನು ಕೂಗಿದೆ.

ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ ಅಕ್ಕ ದಡದಡ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. ಅವಳು ಹೇಳಿದ್ದು ಇಡೀ ದಿಬ್ಬಕ್ಕೆ ಕೇಳಿಸಿತು.

"ಇದ್ದೀವಿ ಕಣ್ಲಾ. ಮೆತ್ತಗೆ ಕೂಗು. ಮಗು ಈಗ್ತಾನೆ ಮಲಗೈತೆ."