ಜರಡಿಯಲ್ಲಿ ಉಳಿದ ನಾರು

ಪುಡಿಯಕ್ಕನ ಭಾವನಿಗೆ ಪಂಡಿತರು ಎಂಬ ಹೆಸರು ಬಂದದ್ದು ಗಡ್ಡದಿಂದ, ಕಲಿತದ್ದರಿಂದಂತೂ ಅಲ್ಲ. ಮೂಲಿಕೆ ಅಂಗಡಿ ಅವನ ಮಾವನದು, ಅಂದರೆ ಅವಳ ಅಪ್ಪನದು. ಅಪ್ಪ ವಿದ್ಯೆಯನ್ನು ಕಿರಿಮಗಳಿಗೆ ಕಲಿಸಿದ, ಕುರ್ಚಿಯನ್ನು ಹಿರಿ ಅಳಿಯನಿಗೆ ಕೊಟ್ಟು ಕಣ್ಣುಮುಚ್ಚಿದ. ಇಪ್ಪತ್ತೆರಡು ವರ್ಷದಿಂದ ಅವಳು ಹಿಂದಿನ ಕೋಣೆಯಲ್ಲಿ ಕುಟ್ಟುತ್ತಾಳೆ, ಜರಡಿ ಹಿಡಿಯುತ್ತಾಳೆ. ಅವನು ಮುಂದೆ ಕೂತು ಗಡ್ಡ ನೀವಿಕೊಳ್ಳುತ್ತಾನೆ. ಕೇರಿಯವರೆಲ್ಲ ಅವಳನ್ನು ಪುಡಿಯಕ್ಕ ಅನ್ನುತ್ತಾರೆ.

ದಾಳಿಂಬೆಯ ಮೇಲೆ ಭಾವನ ಭಾಷಣ ಕೇಳಬೇಕು. "ಹಣ್ಣು ರಕ್ತಕ್ಕೆ, ಹೂವು ಒಸಡಿಗೆ, ಸಿಪ್ಪೆ ಹೊಟ್ಟೆಗೆ. ಅಮೃತ ಕಣಮ್ಮ, ಎಷ್ಟು ತಗೊಂಡ್ರೂ ಏನೂ ಆಗಲ್ಲ." ರಕ್ತದೊತ್ತಡದ ಮಾತ್ರೆ ನುಂಗುವ ಮುದುಕರಿಗೂ ಇದೇ ಮಾತು. ಪುಡಿಯಕ್ಕ ಅವರನ್ನು ಪಕ್ಕದ ಓಣಿಯಲ್ಲಿ ತಡೆದು, "ಡಾಕ್ಟರನ್ನ ಕೇಳಿ ರಸ ಕುಡೀರಿ" ಎಂದು ಪಿಸುಗುಟ್ಟುತ್ತಿದ್ದಳು. ಭಾವನ ಎದುರು ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು, ಅಕ್ಕನ ಸಂಸಾರ. ಇನ್ನೊಂದು, ಇಂಥ ದಡ್ಡನಿಗೆ ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು ಎಂಬ ತಾತ್ಸಾರ.

ದಾಳಿಂಬೆಗೆಂದೇ ಅಪ್ಪ ಎರಡು ಡಬ್ಬಿ ಇಟ್ಟಿದ್ದ. ಹಣ್ಣಿನ ಸಿಪ್ಪೆ ಕೈಗೆಟುಕುವ ಹಲಗೆಯಲ್ಲಿ, ಬೇರಿನ ತೊಗಟೆ ಅಟ್ಟದ ಮೇಲೆ. ಸಿಪ್ಪೆಯ ಪುಡಿ ಭೇದಿಗೆ, ಅದೂ ಚಿಟಿಕೆಯಷ್ಟು. ತೊಗಟೆಯನ್ನು ಹಿಂದಿನವರು ಹೊಟ್ಟೆಯ ಲಾಡಿಹುಳಕ್ಕೆ ಕೊಡುತ್ತಿದ್ದರು. ಹೆಚ್ಚಾದರೆ ವಾಂತಿ, ತಲೆಸುತ್ತು, ಕಣ್ಣು ಮಂಜು. ಮಕ್ಕಳಿಗೆ, ಬಸುರಿಯರಿಗೆ ಅಪ್ಪ ಅದನ್ನು ಮುಟ್ಟಿಸುತ್ತಲೇ ಇರಲಿಲ್ಲ.

ಜ್ವರ ಬಂದು ಅವಳು ಒಂದು ದಿನ ಅಂಗಡಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಜರಡಿ ಎತ್ತಿದರೆ ಬಲೆಯಲ್ಲಿ ಕಟ್ಟಿಗೆಯಂಥ ನಾರು ಸಿಕ್ಕಿಕೊಂಡಿತ್ತು. ಸಿಪ್ಪೆಗೆಲ್ಲಿಯ ನಾರು? ಅಟ್ಟ ಹತ್ತಿ ನೋಡಿದಳು, ತೊಗಟೆಯ ಡಬ್ಬಿ ಖಾಲಿ.

"ಸಿಪ್ಪೆ ಮುಗಿದಿತ್ತು," ಅಂದ ಭಾವ, ಆರಾಮವಾಗಿ. "ಎರಡೂ ಒಂದೇ ಗಿಡದ್ದು ತಾನೇ?"

"ಯಾರಿಗೆ ಕೊಟ್ರಿ?"

"ಇಸ್ತ್ರಿ ಮಾಡ್ತಾಳಲ್ಲ, ಅವಳ ಮಗಳಿಗೆ ಭೇದಿಯಂತೆ. ಬೇಗ ನಿಲ್ಲಲಿ ಅಂತ ಸ್ವಲ್ಪ ಜಾಸ್ತೀನೇ ಕೊಟ್ಟೆ."

ಅವನು ಕುಟ್ಟಿದ್ದರಲ್ಲಿ ಉಳಿದ ಪುಡಿಯನ್ನು ಒಂದು ಚಮಚ ತೆಗೆದು ಅವಳು ಅವನ ಮೂಗಿನ ಕೆಳಗೆ ಹಿಡಿದಳು. "ಅಮೃತ ಅಲ್ವಾ, ತಿನ್ನಿ."

ಪಂಡಿತರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಅಷ್ಟು ಜ್ಞಾನ ಅವರಲ್ಲೂ ಇತ್ತು.

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಇಸ್ತ್ರಿ ಮೇಜಿನ ಕೆಳಗೆ, ಬಟ್ಟೆಗಂಟಿಗೆ ಒರಗಿ ಏಳು ವರ್ಷದ ಹುಡುಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. "ಅಮ್ಮಾ, ನಿನ್ನ ಮುಖ ಸರಿಯಾಗಿ ಕಾಣ್ತಿಲ್ಲ" ಅನ್ನುತ್ತಿದ್ದಳು. ಪುಡಿಯಕ್ಕ ಮಗುವನ್ನು ಎತ್ತಿಕೊಂಡು ಆಟೋ ಹಿಡಿದಳು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಏನೂ ಮುಚ್ಚಿಡಲಿಲ್ಲ: ಗಿಡದ ಯಾವ ಭಾಗ, ಎಷ್ಟು ಚಮಚ, ಯಾವ ಅಂಗಡಿ, ಎಲ್ಲ ಹೇಳಿದಳು. ಸಂಜೆಯ ಹೊತ್ತಿಗೆ ಹುಡುಗಿ ಡಾಕ್ಟರ ಬೆರಳುಗಳನ್ನು ಸರಿಯಾಗಿ ಎಣಿಸಿದಳು.

ತಾಯಿ ಪುಡಿಯಕ್ಕನ ಕೈ ಹಿಡಿದು ಅತ್ತಳು. "ಪಂಡಿತರ ಕೈಗುಣ ನಂಬಿ ಹೋದೆ ಅಕ್ಕ. ಇಷ್ಟು ವರ್ಷ ಅವರ ಪುಡಿಯಿಂದ ಯಾರಿಗೂ ಏನೂ ಆಗಿರಲಿಲ್ಲವಲ್ಲ."

ಭಾವನನ್ನು ಬೈಯಲು ಹೊರಟವಳಿಗೆ ಆ ಮಾತೇ ಚುಚ್ಚಿತು. ಅವನ ದಡ್ಡತನವನ್ನೆಲ್ಲ ಇಪ್ಪತ್ತೆರಡು ವರ್ಷ ಹಿಂದಿನ ಕೋಣೆಯಲ್ಲಿ ಕೂತು ತೆಪ್ಪಗೆ ಸರಿಮಾಡಿದವಳು ಯಾರು? ಅವನ ಮೇಲಿದ್ದ ಅಸಹ್ಯ ಮೊದಲ ಸಲ ತನ್ನ ಮೇಲೇ ಹುಟ್ಟಿತು.

"ಅವನಿಗೆಲ್ಲಿಯ ಕೈಗುಣ? ಅದು ನಂದು," ಅಂದಳು. "ಹೇಳದೆ ಸುಮ್ಮನಿದ್ದೆನಲ್ಲ, ಈ ತಪ್ಪೂ ನಂದೇ."

ಆ ತಾಯಿ ನಿಧಾನವಾಗಿ ಕೈ ಬಿಟ್ಟಳು.