ನಿಮಗೆ ನಾನು ಕೊಟ್ಟ ಕ್ಷಮೆ

ರೀ, ನಿಮ್ಮ ಗುಪ್ತಾಂಗಕ್ಕೆ ಆ ನರಹುಲಿ ಬಂದದ್ದು ನಿಮ್ಮ ಹಳೆಯ ತಪ್ಪಿನಿಂದಲ್ಲ. ನನ್ನಿಂದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುತ್ತಿದ್ದ ನನ್ನ ಮೊದಲ ಗಂಡನಿಂದ ಅದು ನನಗೆ ಅಂಟಿತ್ತು. ಅವನನ್ನು ಬಿಟ್ಟೆ. ನಿಮ್ಮನ್ನು ಮದುವೆಯಾಗಿ ದಿಬ್ಬೂರಹಳ್ಳಿಗೆ ಬರುವ ಮುಂಚೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಗಂಟುಗಳನ್ನು ಸುಡಿಸಿಕೊಂಡೆ. ತಾಳಿ ಕಟ್ಟಿದವನ ಜೊತೆ ಬಾಳಿದ್ದಕ್ಕೆ ಬಂದ ಕಾಯಿಲೆ — ಯಾರ ಮುಂದೆ ನಾನೇಕೆ ಮುಖ ಮುಚ್ಚಿಕೊಳ್ಳಲಿ? ಆದರೆ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಗಂಟು ಹೋಗಿದೆಯಮ್ಮ, ವೈರಸ್ ಇನ್ನೂ ಚರ್ಮದಲ್ಲಿರ್ಬೋದು. ಕೆಲವು ತಿಂಗ್ಳು ಕಾಂಡೋಮ್ ಬೇಕು, ಅದೂ ಪೂರ್ತಿ ತಡೆಯಲ್ಲ. ಮದ್ವೆಯಾಗೋರಿಗೆ ಹೇಳ್ಬಿಡಿ."

ಹೇಳಲಿಲ್ಲ. ರೇಷ್ಮೆಹುಳು ಮೇಯುತ್ತಿರುವಷ್ಟು ದಿನ ಗಂಡ ಹೆಂಡತಿ ಒಟ್ಟಿಗೆ ಮಲಗಿದರೆ ಬೆಳೆ ಕೆಡುತ್ತದೆ — ಅದು ನಿಮ್ಮ ಮನೆಯ ಮಡಿ. ನಾನು ಬಂದಾಗ ಹುಳು ಜ್ವರಕ್ಕೆ ಕೂತು, ಪೊರೆ ಬಿಡುತ್ತಿತ್ತು. ಯಾರೂ ಹೇಳುವ ಮೊದಲೇ ಚಾಪೆ ಎತ್ತಿಕೊಂಡು ಅತ್ತೆಯ ಕೋಣೆಗೆ ಹೋದೆ. "ಸೊಸೆ ಅಂದ್ರೆ ಹಿಂಗಿರ್ಬೇಕು ನೋಡ್ರಮ್ಮಾ," ಅಂತ ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಮಡಿಯೂ ಮುಗಿಯಿತು. ನೀವು ನಗುತ್ತಾ, "ಇನ್ನೇನು ನೆಪ ಹೇಳ್ತೀಯಾ?" ಅಂದಿರಿ. ಆಗಲಾದರೂ — ಇಲ್ಲ. "ಏನೂ ಇಲ್ಲ, ಬನ್ನಿ," ಅಂದೆ.

ಕೆಲವು ತಿಂಗಳಿಗೆ ನಿಮಗೂ ಕಾಣಿಸಿಕೊಂಡಿತು. ಮದುವೆಗೆ ಮುಂಚೆ ಒಮ್ಮೆ ಯಾರೋ ಹೆಂಗಸಿನ ಬಳಿ ಹೋಗಿದ್ದರ ಶಿಕ್ಷೆಯೆಂದುಕೊಂಡು, ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಅತ್ತಿರಿ. "ತಪ್ಪಾಯ್ತು ಕಣೇ. ನಿಂಗೂ ಅಂಟಿಸ್ಬಿಟ್ನೇನೋ..." ನಾನು — ನನ್ನ ಬಾಯಿಗಿಷ್ಟು ಮಣ್ಣು ಹಾಕ — ದೊಡ್ಡ ಮನಸ್ಸಿನವಳ ಹಾಗೆ, "ಹೋಗ್ಲಿ ಬಿಡ್ರಿ, ಕ್ಷಮಿಸಿದೀನಿ," ಅಂದೆ. ನಿಮ್ಮದು ವಾಸಿಯಾಗಿ ಎಷ್ಟೋ ಕಾಲವಾಯಿತು. ನನಗೆ ಎಲ್ಲಿ ಅಂಟೀತೋ ಎಂದು ನೀವು ಇಂದಿಗೂ ಜಗಲಿಯ ಮೇಲೆ ಮಲಗುತ್ತೀರಿ. ನನ್ನೆದುರು ದನಿ ಎತ್ತುವುದನ್ನೂ ಬಿಟ್ಟಿದ್ದೀರಿ.

ಯಾರಿಂದ ಯಾರಿಗೆ ಬಂತೆಂದು ಖಂಡಿತವಾಗಿ ಹೇಳಲಾಗುವುದಿಲ್ಲವಂತೆ, ಡಾಕ್ಟರಮ್ಮನೇ ಹೇಳಿದರು. ಆ ಮಾತಿನ ಮರೆಯಲ್ಲಿ ನಾನು ಅಡಗಿ ಕೂರುವುದಿಲ್ಲ. ನಿಮ್ಮಮ್ಮ ಆಚೆ ಹಾಕಲಿ, ಊರು ಆಡಿಕೊಳ್ಳಲಿ, ಅವರ ಬಾಯಿಗೆ ಹೆದರಿದ್ದು ಸಾಕು. ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗೋಣ. ನನ್ನ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆಯೂ ಬಾಕಿಯಿದೆ. ನರಹುಲಿ ಬಂದದ್ದಕ್ಕೆ ನಾನು ಯಾರೆದುರೂ ತಲೆ ತಗ್ಗಿಸುವವಳಲ್ಲ. ಆದರೆ ಅವತ್ತು ನಿಮ್ಮನ್ನು ಕ್ಷಮಿಸುವ ಹಕ್ಕು ನನಗಿರಲಿಲ್ಲ, ರೀ. ಕೈ ಹಿಡಿದು ಅಳಬೇಕಾದವಳು ನಾನಾಗಿದ್ದೆ.