ಅಕಾಡೆಮಿಯ ಫುಟ್‌ಬಾಲ್ ಮತ್ತು ನಮ್ಮವರ ಪಾದ

ಫುಟ್‌ಬಾಲನ್ನು ನಾನು ದ್ವೇಷಿಸುತ್ತೇನೆ, ಅದರಲ್ಲೂ ಮಿಲಿಟರಿ ಅಕಾಡೆಮಿಗಳಲ್ಲಿ ಆಡುವ ಫುಟ್‌ಬಾಲನ್ನು. ಹೇಟ್ ಎಂಬುದು ಒರಟು ಮಾತು, ಡಿಸ್‌ಲೈಕ್ ಅನ್ನಬೇಕು ಎಂದು ಕಾನ್ವೆಂಟಿನ ಸಿಸ್ಟರ್ ತಿದ್ದುತ್ತಿದ್ದರು. ಈ ವಯಸ್ಸಿನಲ್ಲಿ ತಿದ್ದಿಕೊಳ್ಳಲಾರೆ ಸಿಸ್ಟರ್, ಹೇಟ್ ಎಂದೇ ಇರಲಿ.

ನಮ್ಮವರು, ಅಂದರೆ ನಮ್ಮ ಯಜಮಾನರು, ಕಲಿತ ಅಕಾಡೆಮಿಗೆ ಈ ಆಟವನ್ನು ತಂದವರು ಇಂಗ್ಲಿಷರು. ಫೋರ್ಕನ್ನು ಎಡಗೈಯಲ್ಲಿ ಹಿಡಿಯಲು ಕಲಿಸಿದ ಹಾಗೇ, ಬಿದ್ದರೂ ಮುಖ ಕಿವುಚಬಾರದೆಂದು ಮೈದಾನದಲ್ಲಿ ಕಲಿಸಿದರು. ಅವರು ಹೋದರು, ಗೋಲುಕಂಬಗಳು ಉಳಿದವು. ನಮ್ಮ ಹುಡುಗರು ಅವರಿಗಿಂತ ಹೆಚ್ಚು ಶ್ರದ್ಧೆಯಿಂದ ಒದೆದಾಡಿದರು. ಕೆಡೆಟ್‌ಗಳ ಕಂಪನಿ ಕಂಪನಿಗಳ ನಡುವೆ ಫೈನಲ್. ಸೋತವರಿಗೆ ನೆಲದ ಮೇಲೆ ಉರುಳುವ ಶಿಕ್ಷೆ. ಅದಕ್ಕಿಂತ ಘೋರವಾದದ್ದು ರೆಲಿಗೇಷನ್. ಪೆಟ್ಟು ಬಿದ್ದು ಹೆಚ್ಚು ದಿನ ಆಸ್ಪತ್ರೆಯಲ್ಲಿ ಮಲಗಿದರೆ, ಜೊತೆಯವರು ಆಫೀಸರಾಗಿ ಹೊರಡುವಾಗ ನೀವು ಜೂನಿಯರ್‌ಗಳ ಜೊತೆ ಇನ್ನಾರು ತಿಂಗಳು ಕೊಳೆಯಬೇಕು. ಹಾಗಾಗಿ ಪೆಟ್ಟನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಮ್ಮವರು ತೀರಿಹೋದ ಮೇಲೆ ನಾನು ಆಸ್ಟ್ರೇಲಿಯಾದ ಪರ್ತ್‌ಗೆ, ಜೂಂಡಲಪ್ ಬಡಾವಣೆಯಲ್ಲಿ ಡಾಕ್ಟರಾಗಿರುವ ಮಗಳ ಮನೆಗೆ ಬಂದೆ. ಆ ಆಟ ಇಲ್ಲಿಗೂ ಬೆನ್ನು ಹತ್ತಿತು. ಮೊಮ್ಮಗಳಿಗೆ ಇಲ್ಲಿಯ ಡಿಫೆನ್ಸ್ ಅಕಾಡೆಮಿ ಸೇರುವ ಹುಚ್ಚು. ಶನಿವಾರ ಶನಿವಾರ ಫುಟಿ ಆಡುತ್ತಾಳೆ, ಮೊಟ್ಟೆಯಾಕಾರದ ಚೆಂಡಿನ ಇವರ ಫುಟ್‌ಬಾಲ್. ಒಂದು ಶನಿವಾರ ಮಗಳಿಗೆ ಡ್ಯೂಟಿ ಇದ್ದುದರಿಂದ ನಾನೊಬ್ಬಳೇ ಜೊತೆಗೆ ಹೋಗಿದ್ದೆ. ಹುಡುಗಿ ತಲೆ ಮೊದಲಾಗಿ ಬಿದ್ದಳು. ಎದ್ದು ನಕ್ಕಳು, ಆಡಿ ಮುಗಿಸಿದಳು. ವಾಪಸಾಗುವಾಗ ಟ್ಯಾಕ್ಸಿಯಲ್ಲಿ ಮೂರು ಸಲ ಕೇಳಿದಳು, "ಅಜ್ಜಿ, ಡಿಡ್ ವಿ ವಿನ್?" ಆಮೇಲೆ ನನ್ನ ಕೈ ಹಿಡಿದು, ಅಮ್ಮನಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಳು. ಹೇಳಿದರೆ ಅಕಾಡೆಮಿಯ ಮೆಡಿಕಲ್ ಟೆಸ್ಟ್ ಮುಂದಕ್ಕೆ ಹೋಗುತ್ತದೆ, ಈ ವರ್ಷದ ಸೀಟೂ ಹೋಗುತ್ತದೆ. ನಾನು ಒಪ್ಪಿದೆ. ಅದು ನನ್ನ ತಪ್ಪು.

ಮರುದಿನ ಊಟಕ್ಕೆ ನಮ್ಮವರ ಕೋರ್ಸ್‌ಮೇಟ್ ಕರ್ನಲ್ ಬಂದರು. ಅಡಿಲೇಡಿನಲ್ಲಿ ಮಗನ ಜೊತೆ ಇರುವವರು. ಬ್ರಿಸ್ಬೇನ್, ಪರ್ತ್ ಎಂದು ನೆಂಟರ ಮನೆಗಳನ್ನು ಸುತ್ತುತ್ತ ಹಳೆಯ ಫೈನಲ್ಲಿನ ಕಥೆ ಹಂಚುವುದೇ ಅವರ ಕೆಲಸ. ಇಂಟರ್‌ವ್ಯೂನಲ್ಲಿ ಹೇಳಲು ಮೊಮ್ಮಗಳಿಗೂ ಆ ಕಥೆ ಬೇಕಿತ್ತು.

"ನಿಮ್ ತಾತ ಟೈಗರ್ ಕಣಮ್ಮ! ಸೆಮಿಫೈನಲ್‌ನಲ್ಲೇ ಪಾದ ಮುರ್ಕೊಂಡ. ಹಾಸ್ಪಿಟಲ್‌ಗೆ ಹೋಗ್ತೀನಿ ಅಂತ ಹೊರಟ. ನಾನು ಟೀಮ್ ಕ್ಯಾಪ್ಟನ್, ಬಿಡ್ತೀನಾ? ನಾನೇ ಬ್ಯಾಂಡೇಜ್ ಸುತ್ತಿ, ಬೂಟೊಳಗೆ ತುರುಕಿ, ಲೇಸ್ ಬಿಗಿದೆ. ಫೈನಲ್ ಟೂ ನಿಲ್ ಗೆದ್ವಿ!"

"ಲೆಜೆಂಡ್!" ಎಂದಳು ಮೊಮ್ಮಗಳು.

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಬೆಟ್ಟದಲ್ಲಿ ಪೋಸ್ಟಿಂಗ್ ಇದ್ದಾಗ ಜಾರಿಬಿದ್ದೆ ಎಂದು ನಮ್ಮವರು ನನಗೆ ಹೇಳಿದ್ದರು. ಸಂಸಾರ ಮಾಡಿದಷ್ಟೂ ಕಾಲ, ಕುಂಟುತ್ತಿದ್ದ ಆ ಪಾದಕ್ಕೆ ಉಪ್ಪಿನ ಶಾಖ ಕೊಟ್ಟವಳು ನಾನು. ಅದರಿಂದಲೇ ಸೇನೆಯ ಮೆಡಿಕಲ್ ಕೆಟಗರಿ ಇಳಿದು, ಬಡ್ತಿ ಸಿಗದೆ, ಅವರು ಮೇಜರ್ ಆಗಿಯೇ ಮನೆಗೆ ಬಂದರು. ಲೇಸ್ ಬಿಗಿದವರು ಕರ್ನಲ್ ಆದರು.

"ಆ ಮೂಳೆ ಸೊಟ್ಟಗೆ ಕೂಡಿಕೊಳ್ತು, ಗೊತ್ತಾ ನಿಮಗೆ?"

"ಅಯ್ಯೋ ಭಾಭಿ, ಆಗೆಲ್ಲಾ ಹಾಗೇನೇ. ಅವನೇ ನಂಗೆ ಥ್ಯಾಂಕ್ಸ್ ಹೇಳ್ದ."

"ಹೇಳಿರ್ತಾರೆ. ನನಗೆ ಸುಳ್ಳು ಹೇಳಿದ್ರು. ಮಜ್ಜಿಗೆ ಬಡಿಸ್ಲಾ?"

"ಅಮ್ಮಾ, ಪ್ಲೀಸ್," ಎಂದಳು ಮಗಳು.

"ನನಗೇನು ಪ್ಲೀಸ್? ನಿನ್ನ ಮಗಳನ್ನ ಕೇಳು, ನಿನ್ನೆ ತಲೆಗೆ ಏನಾಯ್ತು ಅಂತ."

"ಅಜ್ಜಿ! ಯು ಪ್ರಾಮಿಸ್ಡ್!"

ಮಗಳು ಎಂಜಲು ಕೈ ತೊಳೆದು ಬಂದು, ಊಟದ ಮೇಜಿನಲ್ಲೇ ಹುಡುಗಿಯ ಕಣ್ಣಿಗೆ ಫೋನಿನ ಟಾರ್ಚ್ ಹಿಡಿದಳು. ತಲೆನೋವು ಎಷ್ಟು ಹೊತ್ತಿತ್ತು, ಮೆಡಿಕಲ್ ಫಾರ್ಮಿನಲ್ಲಿ ಏನು ಬರೆದೆ, ಒಂದೊಂದಾಗಿ ಕೇಳಿದಳು. ತಲೆಗೆ ಪೆಟ್ಟು ಬಿದ್ದಿದೆಯೇ ಎಂಬ ಪ್ರಶ್ನೆಗೆ ಫಾರ್ಮಿನಲ್ಲಿ 'ನೋ' ಎಂದಿತ್ತು. ಬೆಳಿಗ್ಗೆಯಷ್ಟೇ ತುಂಬಿದ್ದಳಂತೆ.

"ಇಷ್ಟಕ್ಕೆಲ್ಲ ಹುಡುಗಿ ಕೆರಿಯರ್ ಹಾಳು ಮಾಡ್ತೀರಾ ಭಾಭಿ?"

"ನೀವು ಲೇಸ್ ಕಟ್ಟಿದ್ದು ಸಾಕು. ಈ ಮನೇಲಿ ಬಾಯಿ ಹಾಕ್ಬೇಡಿ."

ಅವರು ಮಜ್ಜಿಗೆ ಮುಟ್ಟದೆ ಎದ್ದರು. ನಾನು ಬಾಗಿಲವರೆಗೂ ಹೋಗಲಿಲ್ಲ.

ಮಗಳು ಫಾರ್ಮನ್ನು ಹುಡುಗಿಯ ಕೈಯಿಂದಲೇ ತಿದ್ದಿಸಿದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದು ಅಕಾಡೆಮಿಯಿಂದ ಉತ್ತರ ಬಂತು. ಅಂದಿನಿಂದ ಮೊಮ್ಮಗಳು ತಟ್ಟೆ ಹಿಡಿದು ತನ್ನ ರೂಮಿಗೆ ಹೋಗುತ್ತಾಳೆ. ನಾನು ಮಾಡಿದ ಅಕ್ಕಿರೊಟ್ಟಿ ತಿನ್ನುತ್ತಾಳೆ, ನನ್ನನ್ನು ನೋಡುವುದಿಲ್ಲ. ಈ ವಾರ ಒಂದೇ ಒಂದು ಮಾತಾಡಿದಳು, ಇಂಗ್ಲಿಷಿನಲ್ಲಿ. ಆ ಅಂಕಲ್ ತಾತನನ್ನು ಕೇಳದೆ ನಿರ್ಧಾರ ಮಾಡಿದರು, ನೀನು ನನ್ನನ್ನು ಕೇಳದೆ ಮಾಡಿದೆ, ವಾಟ್ಸ್ ದ ಡಿಫರೆನ್ಸ್?

ಡಿಫರೆನ್ಸ್ ಇದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿಕೊಂಡಳು. ಕುಂಟದೆ, ತೂರಾಡದೆ, ನೆಟ್ಟಗೆ ನಡೆದುಹೋಗಿ ಹಾಕಿಕೊಂಡಳು. ನನಗೆ ಅಷ್ಟು ಸಾಕು.